ದಿನಕ್ಕೆ ಹದಿನೈದು ನಿಮಿಷ, ಒಂದು ಅಕ್ಷರ: ನಡುವಯಸ್ಸು ದಾಟಿ ಕಲಿಯಲು ಕುಳಿತವರು ಯಾರಿದ್ದೀರಿ?

ಕೆರೆಏರಿ (ಅರಸೀಕೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್. ಓದಿದ್ದು ಎಸ್ಸೆಸ್ಸೆಲ್ಸಿ, ವಯಸ್ಸು ಐವತ್ತೆಂಟು. ನಮ್ಮೂರ ಕೆರೆ ಏರಿಯ ತುದಿಯಲ್ಲಿ, ಹುಣಸೆಮರದ ಬುಡದಲ್ಲಿ ಒಂದು ವೀರಗಲ್ಲು ನಿಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನೊಬ್ಬ, ಅವನ ಬೆನ್ನ ಹಿಂದೆ ಹಸುಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ಅದರ ಮೇಲೆ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವೆ ಎರಡೆರಡು ಸಾಲು ಬರಹ. ಇಪ್ಪತ್ತೆರಡು ವರ್ಷ ಟಪಾಲು ಚೀಲ ಹಾಕಿಕೊಂಡು ಆ ಕಲ್ಲಿನ ಪಕ್ಕದಲ್ಲೇ ಸೈಕಲ್ ತುಳಿದಿದ್ದೆ.

ಆರು ವರ್ಷಗಳ ಹಿಂದೆ ಒಂದು ದಿನ ಅಜ್ಜಿಯ ಪಿಂಚಣಿ ಹಣಕ್ಕೆಂದು ಜೊತೆಗೆ ಬಂದಿದ್ದ ನಾಲ್ಕನೇ ತರಗತಿಯ ಹುಡುಗಿ ಕೇಳಿದಳು: "ತಾತ, ಆ ಕಲ್ಲಿನ ಮೇಲೆ ಏನು ಬರೆದಿದೆ? ಊರಿನವರ ಕಾಗದವನ್ನೆಲ್ಲ ನೀವೇ ಓದಿ ಹೇಳುತ್ತೀರಲ್ಲ." ನನ್ನ ಬಳಿ ಉತ್ತರವಿರಲಿಲ್ಲ. ಅದು ಕನ್ನಡವೇ ಎಂದು ಗೊತ್ತಿತ್ತು. ನನ್ನದೇ ಭಾಷೆ, ನನ್ನದೇ ಊರಿನ ಕಲ್ಲು, ಒಂದು ಅಕ್ಷರವೂ ತಿಳಿಯದು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಕಚೇರಿ ತೆರೆಯುವ ಮೊದಲು ಒಂದು ನೋಟ್‌ಪುಸ್ತಕ ಹಿಡಿದು ಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತೆ. ಬಹುಪಾಲು ಶಾಸನಗಳು "ಸ್ವಸ್ತಿ" ಎಂದು ಶುರುವಾಗುತ್ತವೆ ಎಂದು ಎಲ್ಲೋ ಕೇಳಿದ್ದೆ. ಆ ಒಂದು ಪದವೇ ನನ್ನ ಬೀಗದ ಕೈ. ಮೊದಲ ಅಕ್ಷರ ಸ, ಅದಕ್ಕೆ ವ ಒತ್ತು. ಮುಂದಿನದೂ ಸ, ಅದಕ್ಕೆ ತ ಒತ್ತು. ಹಾಗೆ ಮೂರು ಅಕ್ಷರ ಸಿಕ್ಕವು. ಅವು ಬೇರೆಲ್ಲಿ ಬಂದಿವೆ ಎಂದು ಹುಡುಕಿ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಅಂದಿನಿಂದ ದಿನಕ್ಕೆ ಹದಿನೈದು ನಿಮಿಷ, ಒಂದೇ ಅಕ್ಷರ.

ಕಷ್ಟ ಯಾವುದೆಂದರೆ, ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಎ, ಏ ಎರಡಕ್ಕೂ ಒಂದೇ ಗುರುತು. ಒ, ಓ ಕೂಡ ಹಾಗೆಯೇ. ಮ ಮತ್ತು ವ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಒಂದು ಪದವನ್ನು "ವಗುಳ್ಚಿ" ಎಂದು ಓದಿಕೊಂಡು ನಿಘಂಟಿನಲ್ಲಿ ಅದಕ್ಕಾಗಿ ಮೂರು ದಿನ ತಡಕಾಡಿದೆ. ಅದು "ಮಗುಳ್ಚಿ". ಮರಳಿಸಿ, ಹಿಂದಕ್ಕೆ ತಂದು ಎಂದರ್ಥ. ಅದು ಹೊಳೆದ ಕೂಡಲೇ ಹಿಂದಿನ ಪದವೂ ತೆರೆದುಕೊಂಡಿತು. "ತುಱುವ ಮಗುಳ್ಚಿ ಸುರಲೋಕಪ್ರಾಪ್ತನಾದ." ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರಿನ ಹಸುಗಳನ್ನು ಬಿಡಿಸಿ ತಂದು ಸತ್ತವನ ಕಲ್ಲು ಅದು. ತುಱು ಎಂದರೆ ಹಸು. ತುರುಗಾಹಿ ಎಂಬ ಮಾತಿನಲ್ಲಿ ಇರುವುದೂ ಅದೇ.

ಆ ಸಾಲನ್ನು ಓದಿ ಹೇಳಲು ನನಗೆ ಹನ್ನೊಂದು ತಿಂಗಳು ಬೇಕಾಯಿತು. ಹುಡುಗಿ ಅಷ್ಟರಲ್ಲಿ ಐದನೇ ತರಗತಿಗೆ ಹೋಗಿದ್ದಳು. ಕಲ್ಲಿನ ಮುಂದೆ ನಿಲ್ಲಿಸಿ ಬೆರಳಿಟ್ಟು ತೋರಿಸಿದಾಗ ಅವಳು ಕೇಳಿದ್ದು ಇನ್ನೊಂದು ಪ್ರಶ್ನೆ: "ಹಸುಗಳು ವಾಪಸ್ ಬಂದವಾ?"

ಆಮೇಲೆ ತಾಲ್ಲೂಕಿನಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಕಲ್ಲುಗಳನ್ನು ಓದಿದ್ದೇನೆ. ನಿಮ್ಮನ್ನು ಕೇಳಬೇಕಾದದ್ದು ಒಂದೇ. ತಾಯಿಯ ಕಾಯಿಲೆಯಿಂದ ನಡುವೆ ಎರಡು ತಿಂಗಳು ಬಿಟ್ಟಿದ್ದೆ. ತಿರುಗಿ ಹೋದಾಗ ಅರ್ಧದಷ್ಟು ಅಕ್ಷರ ಮರೆತಿದ್ದವು. ದಿನವೂ ಮಾಡದಿದ್ದರೆ ನಮ್ಮ ವಯಸ್ಸಿನಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸಿದೆ. ನೀವು ಏನು ಕಲಿಯುತ್ತಿದ್ದೀರಿ? ಬಿಡದೆ ಹೇಗೆ ನಡೆಸುತ್ತೀರಿ?

ರಾತ್ರಿಪಾಳಿ (ಬೆಂಗಳೂರು)

ಅಣ್ಣ, ನಿಮ್ಮ ಬರಹ ಓದಿ ಸಂತೋಷವಾಯಿತು, ಜೊತೆಗೆ ದುಃಖವೂ ಆಯಿತು. ಎರಡನ್ನೂ ಹೇಳುತ್ತೇನೆ.

ನಾನು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. "ದಿನವೂ ಕಲಿಯಿರಿ, ಹದಿನೈದು ನಿಮಿಷ ಸಾಕು" ಎಂದು ಹೇಳುವವರನ್ನು ಬಹಳ ಜನರನ್ನು ಕೇಳಿದ್ದೇನೆ. ಆ ಹದಿನೈದು ನಿಮಿಷ ಯಾರ ಮನೆಯಲ್ಲಿ ಖಾಲಿ ಬಿದ್ದಿರುತ್ತದೆ? ನಿಮಗೆ ಬೆಳಿಗ್ಗೆ ಕಲ್ಲಿನ ಮುಂದೆ ಕುಳಿತುಕೊಳ್ಳಲು ಆಗುವಾಗ ಮನೆಯಲ್ಲಿ ಒಲೆಯ ಮುಂದೆ ಯಾರು ನಿಂತಿರುತ್ತಾರೆ? ಕೋಪದಿಂದ ಕೇಳುತ್ತಿಲ್ಲ. ಇದನ್ನು ಯಾರೂ ಕೇಳುವುದೇ ಇಲ್ಲ ಎಂದು ಕೇಳುತ್ತಿದ್ದೇನೆ.

ಕೆಲಸದಲ್ಲಿಯೂ ಕಲಿಯಲೇಬೇಕು. ಹೊಸ ಔಷಧ, ಹೊಸ ಯಂತ್ರ, ರೋಗಿಯ ವಿವರ ತುಂಬುವ ಹೊಸ ಕಂಪ್ಯೂಟರ್ ವ್ಯವಸ್ಥೆ, ಎಲ್ಲದರ ತರಬೇತಿಯೂ ನಮ್ಮ ರಜೆಯ ದಿನಕ್ಕೇ ಬಂದು ಕೂರುತ್ತದೆ. ಕಲಿಕೆ ಎಂಬ ಮಾತು ಕಿವಿಗೆ ಬಿದ್ದರೆ ಇನ್ನೊಂದು ಹೊರೆ ಬಂತು ಎನ್ನುವ ಸ್ಥಿತಿಗೆ ನಾನು ತಲುಪಿದ್ದೇನೆ.

ಆದರೂ ಹಸುಗಳ ಕಥೆ ತಲೆಯಿಂದ ಹೋಗುತ್ತಿಲ್ಲ.

ಮಗ್ಗಿಮೇಷ್ಟ್ರು (ಧಾರವಾಡ)

ತಂಗೀ, ನಿನ್ನ ಪ್ರಶ್ನೆಗೆ ಪೂರ್ಣ ಉತ್ತರ ಪೋಸ್ಟ್‌ಮಾಸ್ಟರ್ ಅವರೇ ಕೊಡಬೇಕು. ನಾನು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ನಿನ್ನ ಎದೆಯ ಭಾರ ಸ್ವಲ್ಪ ಇಳಿಯಬಹುದಾದ ಒಂದು ವಿಷಯ ಹೇಳುತ್ತೇನೆ.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಂಡನ್ನಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದ್ದರು. ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಹೊಸ ರೂಢಿಯನ್ನು ಆರಿಸಿಕೊಂಡಿದ್ದರು: ಊಟದ ಜೊತೆ ಹಣ್ಣು ತಿನ್ನುವುದು, ನಡೆಯುವುದು, ಹೀಗೆ. ಅದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು. ಕೆಲವರಿಗೆ 254 ದಿನ ಬೇಕು ಎಂದು ಲೆಕ್ಕ ಬಂತು. ಇಪ್ಪತ್ತೊಂದು ದಿನದಲ್ಲಿ ಯಾವ ಅಭ್ಯಾಸವಾದರೂ ಹತ್ತುತ್ತದೆ ಎಂದು ಹೇಳಿ ಜನರನ್ನು ನಿರಾಶೆಗೊಳಿಸುವವರು ಇದನ್ನು ಓದಬೇಕು. ಅದರಲ್ಲಿ ನನಗೆ ತುಂಬ ಹಿಡಿಸಿದ ಮಾತು ಇನ್ನೊಂದು: ನಡುವೆ ಒಂದು ದಿನ ತಪ್ಪಿಹೋದರೆ ರೂಢಿ ಮುರಿದು ಬೀಳುವುದಿಲ್ಲ. ಮರುದಿನ ಹಿಡಿದುಕೊಂಡರೆ ಸಾಕು. ದಿನ ತಪ್ಪಿಸಿದ ಮಕ್ಕಳನ್ನು ನಾನು ಎಷ್ಟೋ ಸಲ ಗದರಿಸಿದ್ದೇನೆ. ಈಗ ಅದು ನನ್ನನ್ನು ನೋಯಿಸುತ್ತದೆ.

ಆ ಸಂಶೋಧನೆಯಲ್ಲಿ ಎಲ್ಲರೂ ತಮ್ಮ ಹೊಸ ರೂಢಿಯನ್ನು ದಿನದ ಯಾವುದಾದರೂ ಹಳೆಯ ಕೆಲಸಕ್ಕೆ ಗಂಟು ಹಾಕಿಕೊಂಡಿದ್ದರು. ತಿಂಡಿ ಆದ ಮೇಲೆ, ಊಟದ ಹೊತ್ತಿಗೆ, ಹೀಗೆ. ಪೋಸ್ಟ್‌ಮಾಸ್ಟರ್ ಅವರಿಗೆ ಕಚೇರಿಯ ದಾರಿಯಲ್ಲೇ ಕಲ್ಲು ಇತ್ತು. ಆ ಗಂಟು ಅವರಿಗೆ ಪುಣ್ಯಕ್ಕೆ ಸಿಕ್ಕಿತು. ಅದೇ ಕಲ್ಲು ಊರಾಚೆ ಮೂರು ಕಿಲೋಮೀಟರ್ ದೂರದಲ್ಲಿದ್ದಿದ್ದರೆ ಒಂದು ವಾರದಲ್ಲಿ ಬಿಟ್ಟುಬಿಡುತ್ತಿದ್ದರೇನೋ.

ಕೆರೆಏರಿ

ತಂಗೀ, ನಿಮ್ಮ ಪ್ರಶ್ನೆಯನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಒಲೆಯ ಮುಂದೆ ನನ್ನ ಹೆಂಡತಿ ನಿಂತಿದ್ದಳು. ಆರು ವರ್ಷದಲ್ಲಿ ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮೊನ್ನೆ ರಾತ್ರಿ ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ನನಗೂ ಒಂದು ಕಲಿಯುವ ಆಸೆ ಇತ್ತು, ಸ್ಕೂಟರ್" ಎಂದಳು. ಅವಳಿಗೆ ಐವತ್ತೆರಡು. ಮದುವೆಯಾಗಿ ಮೂವತ್ತು ವರ್ಷವಾಯಿತು. ನನಗೆ ಇದು ಗೊತ್ತೇ ಇರಲಿಲ್ಲ.

ಇವತ್ತಿನಿಂದ ಬೆಳಿಗ್ಗೆಯ ತಿಂಡಿ ನನ್ನ ಪಾಲು. ಅವಳು ಶಾಲೆಯ ಮೈದಾನಕ್ಕೆ ಹೋಗುತ್ತಾಳೆ, ನಮ್ಮ ಅಣ್ಣನ ಮಗಳು ಹಿಂದೆ ಕುಳಿತು ಹೇಳಿಕೊಡುತ್ತಾಳೆ. ಕಲ್ಲಿನ ಕೆಲಸ ಸಂಜೆಗೆ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಏಕೆ ಎಂದು ಇನ್ನೊಮ್ಮೆ ಬರೆಯುತ್ತೇನೆ.

ಚಿಗುರೆಲೆ (ತುಮಕೂರು)

ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಇಲ್ಲಿ ಎಲ್ಲರಿಗಿಂತ ಚಿಕ್ಕವನು ಇರಬೇಕು. ನಾನು ಪ್ರತಿದಿನ ಎರಡು ಗಂಟೆ ಮೊಬೈಲ್‌ನಲ್ಲಿ ಇತಿಹಾಸ, ಖಗೋಳ, ಅರ್ಥಶಾಸ್ತ್ರದ ವಿಡಿಯೊಗಳನ್ನು ನೋಡುತ್ತೇನೆ. ತುಂಬ ಇಷ್ಟಪಟ್ಟು ನೋಡುತ್ತೇನೆ. ಆದರೆ ಹೋದ ವಾರ ತಂಗಿ ಗ್ರಹಣ ಹೇಗೆ ಆಗುತ್ತದೆ, ಪ್ರತಿ ಹುಣ್ಣಿಮೆಗೂ ಯಾಕೆ ಆಗುವುದಿಲ್ಲ ಎಂದು ಕೇಳಿದಳು. ಅದರ ಬಗ್ಗೆ ನಾಲ್ಕು ವಿಡಿಯೊ ನೋಡಿದ್ದೆ. ಆದರೂ ಹೇಳಲು ಆಗಲಿಲ್ಲ. ಪೋಸ್ಟ್‌ಮಾಸ್ಟರ್ ಸರ್ ಒಂದು ಸಾಲಿಗೆ ಹನ್ನೊಂದು ತಿಂಗಳು ತೆಗೆದುಕೊಂಡದ್ದನ್ನು ಓದಿದಾಗ ಇದು ನೆನಪಾಯಿತು. ನಾನು ಮಾಡುತ್ತಿರುವುದು ಕಲಿಕೆಯೇ ಅಲ್ಲವೇ, ಮೇಷ್ಟ್ರೇ?

ಮಗ್ಗಿಮೇಷ್ಟ್ರು

ತಮ್ಮಾ, ಅದು ಕಲಿಕೆಯ ಬಾಗಿಲು. ನೀನು ದಿನವೂ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದೀಯ. ಒಂದು ಕೆಲಸ ಮಾಡು. ವಿಡಿಯೊ ಮುಗಿದ ಮೇಲೆ ಮೊಬೈಲನ್ನು ಬೋರಲು ಹಾಕಿ, ಖಾಲಿ ಹಾಳೆಯಲ್ಲಿ ಸೂರ್ಯ, ಭೂಮಿ, ಚಂದ್ರ ಮೂರನ್ನೂ ಬರೆ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಆ ಓರೆಯನ್ನು ನಿನ್ನ ಕೈಯಿಂದಲೇ ಬರೆದು ನೋಡು. ಪ್ರತಿ ಹುಣ್ಣಿಮೆಗೂ ಗ್ರಹಣ ಏಕಿಲ್ಲ ಎಂಬುದು ಪೆನ್ಸಿಲ್ಲಿನ ತುದಿಯಲ್ಲೇ ಗೊತ್ತಾಗುತ್ತದೆ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನಿನಗೆ ತಿಳಿದಿಲ್ಲ. ಅಲ್ಲಿಗೆ ಮಾತ್ರ ವಿಡಿಯೊವನ್ನು ತಿರುಗಿ ನೋಡು.

ಮರೆಯುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಜರ್ಮನಿಯ ಎಬ್ಬಿಂಗ್‌ಹಾಸ್ ಎಂಬವರು ಅರ್ಥವೇ ಇಲ್ಲದ ಉಚ್ಚಾರಾಂಶಗಳ ಪಟ್ಟಿ ಮಾಡಿ, ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗ, ಆಮೇಲೆ ನಿಧಾನ. ಹಾಗಾಗಿ ಮೊದಲ ಸಲ ಮೆಲುಕು ಹಾಕುವುದನ್ನು ಬೇಗ ಮಾಡಬೇಕು, ಮುಂದಿನದನ್ನು ತಡವಾಗಿ ಮಾಡಿದರೂ ನಡೆಯುತ್ತದೆ. ನಾನು ಈಗ ಅರವತ್ತೇಳರಲ್ಲಿ ಉರ್ದು ಲಿಪಿ ಕಲಿಯುತ್ತಿದ್ದೇನೆ. ಮೂರು ಹಳೆಯ ಬಿಸ್ಕತ್ತಿನ ಡಬ್ಬ ಇಟ್ಟಿದ್ದೇನೆ. ಹೊಸ ಅಕ್ಷರದ ಚೀಟಿ ಮೊದಲ ಡಬ್ಬದಲ್ಲಿ. ಅದನ್ನು ದಿನವೂ ತೆಗೆಯುತ್ತೇನೆ. ಸರಿ ಹೇಳಿದರೆ ಎರಡನೆಯದಕ್ಕೆ ಹೋಗುತ್ತದೆ, ಅದು ಮೂರು ದಿನಕ್ಕೊಮ್ಮೆ. ಅಲ್ಲಿಯೂ ಸರಿಯಾದರೆ ಮೂರನೆಯದು, ವಾರಕ್ಕೊಮ್ಮೆ. ತಪ್ಪಿದ ಚೀಟಿ ಮತ್ತೆ ಮೊದಲ ಡಬ್ಬಕ್ಕೆ. ಚುಕ್ಕೆ ಮೇಲಿದ್ದರೆ ಒಂದು ಅಕ್ಷರ, ಕೆಳಗಿದ್ದರೆ ಇನ್ನೊಂದು. ಈ ಒಂದು ಗುಂಪಿನ ಚೀಟಿಗಳು ಎರಡು ತಿಂಗಳು ಮೊದಲ ಡಬ್ಬ ಬಿಟ್ಟು ಕದಲಲಿಲ್ಲ.

ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎನ್ನುವವರಿಗೆ ಲಂಡನ್ನಿನ ಟ್ಯಾಕ್ಸಿ ಚಾಲಕರ ಉದಾಹರಣೆ ಕೊಡುತ್ತೇನೆ. ಅಲ್ಲಿ ಪರವಾನಗಿ ಪಡೆಯಲು ನಗರದ ನಡುಭಾಗದ ಸುಮಾರು 25,000 ಬೀದಿಗಳನ್ನು ಬಾಯಲ್ಲಿ ಹೇಳಬೇಕು, ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ದಾರಿಯ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ ಅವರಲ್ಲಿ ದೊಡ್ಡದಾಗಿರುವುದನ್ನು 2000ದಲ್ಲಿ ಕಂಡುಕೊಂಡರು. ಆ ಕೆಲಸಕ್ಕೆ ಸೇರುವಾಗ ಅವರೆಲ್ಲ ಬೆಳೆದು ದೊಡ್ಡವರಾದವರೇ.

ಸಾಲುದೀಪ (ಬಂಟ್ವಾಳ)

ನನ್ನ ಅಮ್ಮನ ವಿಷಯ ಬರೆಯುತ್ತೇನೆ. ಅಮ್ಮ ಬೀಡಿ ಕಟ್ಟುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೀಡಿ ಕಾರ್ಡಿನಲ್ಲಿ ದಿನಕ್ಕೆ ಎಷ್ಟು ಬೀಡಿ ಎಂದು ಬರೆದುಕೊಡುತ್ತಿದ್ದುದನ್ನು ಓದಲು ಬಾರದೆ ಎಷ್ಟೋ ಸಲ ಕಡಿಮೆ ಹಣ ಪಡೆದು ಬಂದಿದ್ದರು. 1990ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ರಾತ್ರಿ ತರಗತಿಗೆ ಹೋದರು. ಆಗ ಅವರಿಗೆ ನಲವತ್ತಮೂರು. ಚಿಮಣಿ ದೀಪದ ಬೆಳಕಿನಲ್ಲಿ ಸ್ಲೇಟು ಹಿಡಿದು ಕುಳಿತ ಹೆಂಗಸರ ಸಾಲು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಏಳನೇ ತರಗತಿ, ಅಮ್ಮ ಒಂದನೇ ಪಾಠ.

ತರಗತಿ ಕೆಲವು ತಿಂಗಳಿಗೆ ಮುಗಿಯಿತು. ಅಮ್ಮನ ಜೊತೆ ಹೋದ ಹಲವರು ಸಹಿ ಹಾಕುವಷ್ಟು ಉಳಿಸಿಕೊಂಡರು, ಉಳಿದದ್ದು ಮರೆತುಹೋಯಿತು. ಅಮ್ಮನಿಗೆ ಯಾಕೆ ಉಳಿಯಿತು ಎಂದು ನಾನು ತುಂಬ ಯೋಚಿಸಿದ್ದೇನೆ. ಅಂಗಡಿಯಿಂದ ಬೇಳೆ, ಸಕ್ಕರೆ ಕಟ್ಟಿಕೊಟ್ಟ ಪೇಪರಿನ ತುಂಡನ್ನು ಅವರು ಎಸೆಯುತ್ತಿರಲಿಲ್ಲ. ಸಂಜೆ ಅದನ್ನು ಮಂಡಿಯ ಮೇಲೆ ಹರಡಿ, ಸುಕ್ಕು ತಿಕ್ಕಿ, ಅದರಲ್ಲಿ ಇದ್ದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಅರ್ಧಕ್ಕೆ ಹರಿದ ಸುದ್ದಿ, ಯಾರದೋ ವರ್ಧಂತಿ, ಅಡಿಕೆಯ ಧಾರಣೆ. ಮುಂದಿನ ಭಾಗ ಏನಿರಬಹುದು ಎಂದು ನಮ್ಮನ್ನು ಕೇಳುತ್ತಿದ್ದರು.

ಆಮೇಲೆ ಒಂದು ದಿನ ಬೀಡಿ ಕಾರ್ಡಿನ ಲೆಕ್ಕ ತಪ್ಪಿದ್ದನ್ನು ಅಲ್ಲೇ ನಿಂತು ಓದಿ ತೋರಿಸಿದರು. ಮನೆಗೆ ಬಂದು ಏನೂ ಹೇಳಲಿಲ್ಲ. ಪಕ್ಕದ ಮನೆಯ ಅಕ್ಕ ಹೇಳಿದ ಮೇಲೆ ನಮಗೆ ಗೊತ್ತಾದದ್ದು.

ಈಗ ಅಮ್ಮನಿಗೆ ಎಪ್ಪತ್ತೈದು ದಾಟಿದೆ. ಮಾತ್ರೆಯ ಹಾಳೆಯ ಹಿಂದಿರುವ ತಾರೀಕನ್ನು ಕಣ್ಣಿನ ಹತ್ತಿರ ಹಿಡಿದು ತಾವೇ ನೋಡುತ್ತಾರೆ. ನಾನು ನೋಡಿ ಹೇಳುತ್ತೇನೆ ಎಂದರೆ ಕೊಡುವುದಿಲ್ಲ.

ರಾತ್ರಿಪಾಳಿ

ಅಕ್ಕ, ಮಾತ್ರೆಯ ತಾರೀಕಿನ ಸಾಲು ಓದಿ ವಾರ್ಡಿನಲ್ಲೇ ಕಣ್ಣೀರು ಬಂತು. ಔಷಧದ ಚೀಟಿ ಓದಲಾಗದೆ ಬೆಳಿಗ್ಗೆಯದನ್ನು ರಾತ್ರಿ ನುಂಗಿ ಬರುವವರನ್ನು ನಾನು ದಿನವೂ ನೋಡುತ್ತೇನೆ. ಅವರಿಗಾಗಿ ಚೀಟಿಯ ಮೇಲೆ ಸೂರ್ಯ, ಚಂದ್ರ ಬರೆದುಕೊಡುವ ರೂಢಿ ನನ್ನದು. ವೀರಗಲ್ಲಿನ ಮೇಲೂ ಸೂರ್ಯ ಚಂದ್ರ ಇರುತ್ತವೆ ಎಂದು ಅಣ್ಣ ಬರೆದಿದ್ದರಲ್ಲ, ಅದು ಯಾಕೆ?

ಪಡಿಯಚ್ಚು (ಮೈಸೂರು)

ಸೂರ್ಯ ಚಂದ್ರರು ಇರುವವರೆಗೂ ಈ ಕೀರ್ತಿ, ಈ ದಾನ ಉಳಿಯಲಿ ಎಂಬ ಅರ್ಥದಲ್ಲಿ ಅವನ್ನು ಕೆತ್ತುತ್ತಿದ್ದರು, ತಾಯಿ. ಶಾಸನಗಳಲ್ಲಿ "ಆಚಂದ್ರಾರ್ಕ" ಎಂಬ ಮಾತು ಬರುತ್ತದೆ. ದಾನ ಕೆಡಿಸಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾರೆ ಎಂಬ ಶಾಪವೂ ಕೊನೆಯಲ್ಲಿ ಇರುವುದುಂಟು.

ನಾನು ಶಾಸನಗಳ ಪ್ರತಿ ತೆಗೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒದ್ದೆ ಕಾಗದ ಹರಡಿ, ಅಕ್ಷರದ ಗುಳಿಯೊಳಗೆ ಕಾಗದ ಕೂರುವಂತೆ ಬ್ರಷ್ಷಿನಿಂದ ತಟ್ಟುತ್ತೇವೆ. ತೇವ ಆರುವ ಹೊತ್ತಿಗೆ ಮಸಿಯ ಉಂಡೆಯನ್ನು ಮೇಲೆ ಒತ್ತುತ್ತಾ ಹೋದರೆ ಕಾಗದದ ಮೇಲೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಹವ್ಯಾಸಿಗಳಲ್ಲಿ ಒಂದು ಪ್ರಾರ್ಥನೆ: ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಎಂಟು ನೂರು ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದು ಮಧ್ಯಾಹ್ನದಲ್ಲಿ ಹಾಳಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೋಸ್ಟ್‌ಮಾಸ್ಟರ್ ಅವರೇ, ನೀವು ಓದಿದ್ದನ್ನು ಹೇಗೆ ತಾಳೆ ನೋಡಿಕೊಳ್ಳುತ್ತೀರಿ?

ಕೆರೆಏರಿ

ಸರ್, ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ಕಲ್ಲು ಇದೆ. ಆದರೆ ನನ್ನದೊಂದು ನೇಮವಿದೆ. ನಾನೇ ಓದಿ ನೋಟ್‌ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಸಂಪುಟವನ್ನು ನೋಡುವುದು. ಮೊದಲೇ ನೋಡಿದರೆ ಕಣ್ಣು ಸೋಮಾರಿಯಾಗುತ್ತದೆ. ಕಲ್ಲಿನಲ್ಲಿ ಇಲ್ಲದ್ದೂ ಇದ್ದ ಹಾಗೆ ಕಾಣುತ್ತದೆ. ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡುತ್ತೇನೆ. ಮೊದಲ ನೋಟ್‌ಪುಸ್ತಕದಲ್ಲಿ ಕೆಂಪೇ ಹೆಚ್ಚು. ನಾಲ್ಕನೆಯದರಲ್ಲಿ ಪುಟಕ್ಕೆ ಎರಡು ಮೂರು.

ಸಂಜೆಗೆ ಹೋದದ್ದು ಒಳ್ಳೆಯದಾಯಿತು ಎಂದೆನಲ್ಲ, ಈಗ ಹೇಳುತ್ತೇನೆ. ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ನಮ್ಮ ಕಲ್ಲಿಗೆ ಮರದ ನೆರಳು. ಸಂಜೆ ಐದೂವರೆಗೆ ಬಿಸಿಲು ಪಕ್ಕದಿಂದ ಓರೆಯಾಗಿ ಬಂದಾಗ ಸವೆದ ಗೆರೆಗಳಿಗೂ ನೆರಳು ಹುಟ್ಟುತ್ತದೆ. ಕಲ್ಲನ್ನು ಯಾರು ನಿಲ್ಲಿಸಿದರು ಎಂದು ಹೇಳುವ ಕೊನೆಯ ಸಾಲಿನಲ್ಲಿ ಅಚ್ಚಾದ ಪಠ್ಯದಲ್ಲಿ ಚುಕ್ಕೆಗಳಿವೆ. ಓದಲಾಗಲಿಲ್ಲ ಎಂದರ್ಥ. ಮೊನ್ನೆ ಸಂಜೆ ಆ ಜಾಗದಲ್ಲಿ ನನಗೆ ಎರಡು ಅಕ್ಷರ ಕಂಡವು. "ಮಾಚ." ಮುಂದೆ "ತಂಮ" ಎಂಬುದು ಸ್ಪಷ್ಟವಿದೆ. ಸತ್ತವನ ತಮ್ಮ ಮಾಚ ಈ ಕಲ್ಲು ನಿಲ್ಲಿಸಿದ. ಸರಿಯೇ, ಸರ್?

ಪಡಿಯಚ್ಚು

ಹೊಯ್ಸಳರ ಕಾಲದ ಶಾಸನಗಳಲ್ಲಿ ಮಾಚ ಎಂಬ ಹೆಸರು ಬೇಕಾದಷ್ಟು ಬರುತ್ತದೆ. ನನಗೆ ಅನುಮಾನ ಬರುವುದು ಅದೇ ಕಾರಣಕ್ಕೆ. ಹೆಸರು ಸಾಮಾನ್ಯ ಎಂದು ನಿಮಗೆ ಗೊತ್ತಿರುವುದರಿಂದ ಕಣ್ಣು ಅದನ್ನೇ ತುಂಬಿಕೊಂಡಿರಬಹುದು. ಮ ಮತ್ತು ವ ನಿಮ್ಮನ್ನು ಹಿಂದೆಯೂ ಆಟವಾಡಿಸಿವೆ. ರಾತ್ರಿ ಹೋಗಿ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಪಕ್ಕದಲ್ಲಿ ಹಿಡಿದು, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ನೋಡಿ. ಮೂರೂ ಸಲ ಅದೇ ಕಂಡರೆ ಬರೆಯಿರಿ. ಒಂದು ಸಲ ಬೇರೆ ಕಂಡರೂ ಚುಕ್ಕೆಯನ್ನೇ ಉಳಿಸಿ. ಚುಕ್ಕೆ ಇಡಲು ಕಲಿಯುವುದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ಹೊರನಾಡು (ಸ್ಟುಟ್‌ಗಾರ್ಟ್, ಜರ್ಮನಿ)

ಚಿಕ್ಕದೊಂದು ಮಾತು. ನಾನು ಇಲ್ಲಿ ಜರ್ಮನ್ ಕಲಿಯುತ್ತಿದ್ದೇನೆ, ನಲವತ್ತೊಂದರಲ್ಲಿ. ಬೇಸರವಾದಾಗ ಕಿಟೆಲ್ ಅವರನ್ನು ನೆನೆಯುತ್ತೇನೆ. ನಾನು ಇಲ್ಲಿಗೆ ಬಂದ ಹಾಗೆ ಅವರು ಇಲ್ಲಿಂದ ಅಲ್ಲಿಗೆ ಹೋದವರು. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, 70,000ಕ್ಕೂ ಹೆಚ್ಚು ಪದಗಳೊಂದಿಗೆ. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಜಿ. ವೆಂಕಟಸುಬ್ಬಯ್ಯನವರು ಓದುಗರ ಪದಪ್ರಶ್ನೆಗಳಿಗೆ ಪತ್ರಿಕೆಯಲ್ಲಿ ಉತ್ತರಿಸಲು ಶುರುಮಾಡಿದ್ದೇ ಎಪ್ಪತ್ತೆಂಟರ ಆಸುಪಾಸಿನಲ್ಲಿ, 1991ರಲ್ಲಿ. ಅವರು 107 ವರ್ಷ ಬದುಕಿದರು. ನಾನು ದಿನಕ್ಕೆ ಐದು ಪದ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸುತ್ತೇನೆ. ಚಹಾ ಕುದಿಯುವಷ್ಟು ಹೊತ್ತು ಅವನ್ನು ಓದುತ್ತೇನೆ. ಮೇಷ್ಟ್ರು ಹೇಳಿದ ಗಂಟು ನನ್ನ ಮಟ್ಟಿಗೆ ಚಹಾದ ಪಾತ್ರೆ.

ಚಿಗುರೆಲೆ

ಮೇಷ್ಟ್ರೇ, ಗ್ರಹಣದ ಚಿತ್ರ ಬರೆದೆ. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ತಂಗಿ ನಿಂಬೆಹಣ್ಣು ಮತ್ತು ಕಿತ್ತಳೆ ತಂದಳು. ಟಾರ್ಚ್ ಹಾಕಿ, ನಿಂಬೆಯನ್ನು ದಾರದಲ್ಲಿ ಕಟ್ಟಿ ಸ್ವಲ್ಪ ಮೇಲೆ ಕೆಳಗೆ ತಿರುಗಿಸಿದೆವು. ನೆರಳು ಬಹುಪಾಲು ಸಲ ತಪ್ಪಿಹೋಗುವುದು ಗೋಡೆಯ ಮೇಲೆ ಕಂಡಿತು. ಈಗ ಎರಡು ಗಂಟೆಯ ಬದಲು ಒಂದೇ ವಿಡಿಯೊ ನೋಡುತ್ತೇನೆ, ಉಳಿದ ಹೊತ್ತು ಹಾಳೆ.

ರಾತ್ರಿಪಾಳಿ

ಐದು ವಾರದ ನಂತರ ಬರೆಯುತ್ತಿದ್ದೇನೆ.

ನಾನು ಇರುವುದು ಬೇಗೂರಿನ ಹತ್ತಿರ. ಒಂಬತ್ತು ವರ್ಷವಾಯಿತು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರಿನ ಹೆಸರಿರುವ ಹಳೆಯ ಕಲ್ಲಿದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನಲವತ್ತು ನಿಮಿಷ ಕೂರುತ್ತೇನೆ. ಹೆಚ್ಚಿನ ದಿನ ನಿದ್ದೆಯೇ. ಆದರೆ ಬಸ್ಸು ಹತ್ತಿ ಟಿಕೆಟ್ ತೆಗೆದ ಮೇಲೆ ಕಣ್ಣು ಮುಚ್ಚುವ ಮೊದಲು ಒಂದು ಚೀಟಿ ನೋಡುವುದು ಎಂದುಕೊಂಡೆ. ಮೇಷ್ಟ್ರ ಡಬ್ಬಗಳ ಬದಲು ಏಪ್ರನ್ನಿನ ಎರಡು ಜೇಬು. ಅಣ್ಣ ಇಲ್ಲಿ ಹಾಕಿದ್ದ ಅಕ್ಷರಪಟ್ಟಿಯಿಂದ ಚೀಟಿ ಮಾಡಿಕೊಂಡೆ. ಐದು ವಾರದಲ್ಲಿ ಹನ್ನೊಂದು ದಿನ ತಪ್ಪಿದೆ. ಎಣಿಸಿ ಇಟ್ಟಿದ್ದೇನೆ.

ಇಂದು ರಾತ್ರಿಪಾಳಿ ಮುಗಿಸಿ, ಮನೆಗೆ ಹೋಗುವ ಮೊದಲು ದೇವಸ್ಥಾನಕ್ಕೆ ಹೋದೆ. ಕಲ್ಲಿನ ಮುಂದೆ ನಿಂತೆ. ಅಕ್ಷರಗಳನ್ನು ನೋಡಿದೆ. ಒಂದೂ ಗುರುತು ಸಿಗಲಿಲ್ಲ. ಐದು ವಾರ ಕಲಿತದ್ದೆಲ್ಲ ಎಲ್ಲಿ ಹೋಯಿತು ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಎಲ್ಲಿ ತಪ್ಪಿದೆ ನಾನು?

ಪಡಿಯಚ್ಚು

ತಾಯಿ, ತಪ್ಪು ನಿಮ್ಮದಲ್ಲ. ಪೋಸ್ಟ್‌ಮಾಸ್ಟರ್ ಅವರ ಪಟ್ಟಿ ಹೊಯ್ಸಳರ ಕಾಲದ್ದು, ಹನ್ನೆರಡು ಹದಿಮೂರನೆಯ ಶತಮಾನ. ನೀವು ಹೇಳುತ್ತಿರುವ ಬೇಗೂರಿನ ಕಲ್ಲು ಗಂಗರ ಕಾಲದ್ದು, ಸುಮಾರು 890ರದ್ದು. ನಡುವೆ ಮುನ್ನೂರು ವರ್ಷವಿದೆ. ಅಷ್ಟರಲ್ಲಿ ಅಕ್ಷರಗಳ ರೂಪ ಬದಲಾಗಿದೆ. ಒಂಬತ್ತನೆಯ ಶತಮಾನದ ಪಟ್ಟಿಯನ್ನು ಇಂದೇ ಬರೆದು ಇಲ್ಲಿ ಹಾಕುತ್ತೇನೆ. ನೀವು ಕಲಿತದ್ದು ವ್ಯರ್ಥವಲ್ಲ. ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಅಕ್ಷರ ಇನ್ನೊಂದಾಗಿ ತಿರುಗಿದ ದಾರಿ ಕಾಣುತ್ತದೆ. "ಬೆಂಗಳೂರು" ಅಲ್ಲಿ ಇದೆ ಎಂದು ನಿಮಗೆ ಮೊದಲೇ ಗೊತ್ತು. ಪೋಸ್ಟ್‌ಮಾಸ್ಟರ್ ಅವರಿಗೆ "ಸ್ವಸ್ತಿ" ಇದ್ದ ಹಾಗೆ. ಆ ಪದದ ಳ ಹಿಡಿದು ಹೊರಡಿ, ಆ ಕಾಲದ ಳ ಸುಲಭವಾಗಿ ಗುರುತು ಸಿಗುತ್ತದೆ.

ಕೆರೆಏರಿ

ನನ್ನ ಪಟ್ಟಿಯ ಮೇಲೆ ಯಾವ ಕಾಲದ್ದು ಎಂದು ಬರೆಯದೆ ಹಾಕಿದ್ದು ನನ್ನ ತಪ್ಪು, ತಂಗೀ. ಈಗ ಬರೆದಿದ್ದೇನೆ.

ಸರ್, ಟಾರ್ಚ್ ಹಿಡಿದು ಮೂರು ರಾತ್ರಿ ನೋಡಿದೆ. ಹೆಂಡತಿಯೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಟಾರ್ಚ್ ಹಿಡಿದಳು. ಎಡದಿಂದ ನೋಡಿದರೆ ಮಾ. ಬಲದಿಂದಲೂ ಮಾ. ಮೇಲಿನಿಂದ ಬೆಳಕು ಬಿದ್ದಾಗ ಒಳಗಿನ ಸುಳಿ ಕಾಣಲಿಲ್ಲ, ವಾ ಎನ್ನಿಸಿತು. ಮುಂದಿನದು ಚ ಎನ್ನುವುದರಲ್ಲಿ ಅನುಮಾನವಿಲ್ಲ. ನೋಟ್‌ಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟು ಚ ಬರೆದಿದ್ದೇನೆ.

ರಾತ್ರಿಪಾಳಿ

ಗುರುವಾರ ನನಗೆ ರಜೆ. ಹೊಸ ಚೀಟಿ ಮಾಡಿಕೊಂಡಿದ್ದೇನೆ, ಒಂಬತ್ತು ಅಕ್ಷರ. ದೊಡ್ಡ ಮಗಳು ತಾನೂ ಬರುತ್ತೇನೆ, ಟಾರ್ಚ್ ಹಿಡಿಯುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೋದರೆ ಬಿಸಿಲು ಓರೆಯಾಗಿರುತ್ತದೆ, ಅಣ್ಣ?

ಕೆರೆಏರಿ

ಏಳು ಗಂಟೆಯ ಒಳಗೆ ಹೋಗಿ. ಕಲ್ಲಿನ ಎಡಬದಿಗೆ ನಿಂತು ನೋಡಿ. ಳ ಸಿಕ್ಕ ಕೂಡಲೇ ಬರೆಯಿರಿ, ನಾನು ಅಂಚೆ ಚೀಲ ಬಿಚ್ಚುವ ಮೊದಲು ಇಲ್ಲಿ ನೋಡುತ್ತಿರುತ್ತೇನೆ.